ಕೆಲಸಕ್ಕೆ ಸೇರಿದ ಪುಟ್ಟಿಗೆ

ಪುಟ್ಟಿ,

ಗ್ರಾಮ ಆಡಳಿತ ಅಧಿಕಾರಿ ಆಗಿಬಿಟ್ಟೆ, ಖುಷಿಯಾಯಿತು. ಲಂಚ ತಗೊಳ್ಳುವವರು ಹುಟ್ಟಾ ಕೆಟ್ಟವರಾ ದೊಡ್ಡಪ್ಪ ಅಂತ ಮೊನ್ನೆ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ.

ನಮ್ಮಜ್ಜನ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿ. ಅಪ್ಪನಿಂದ ಮಗನಿಗೆ ಬರುವ ಹುದ್ದೆ, 1961ರ ಕಾಯ್ದೆ ಬಂದು ಅದು ನಿಂತಿತು. ಸುಗ್ಗಿಯಲ್ಲಿ ಅಜ್ಜ ಅವರ ಮನೆಗೆ ಒಂದು ಮೂಟೆ ರಾಗಿ ಹಾಕಿ ಬರುತ್ತಿದ್ದರಂತೆ. ಅದಕ್ಕೆ ಮರ್ಯಾದೆ ಅಂತ ಹೆಸರು.

ನಾನು ತಾಲ್ಲೂಕು ಕಚೇರಿ ಸೇರಿದಾಗ ಪಹಣಿ, ಅಂದರೆ ಜಮೀನು ಯಾರದು, ಏನು ಬೆಳೆ ಅನ್ನುವ ದಾಖಲೆ, ಗ್ರಾಮ ಲೆಕ್ಕಿಗರ ಚೀಲದಲ್ಲಿತ್ತು. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕು, ಲೆಕ್ಕಿಗರು ಊರಿಗೆ ಬರುವುದು ಯಾವಾಗಲೋ, ರೈತ ಹುಡುಕಿಕೊಂಡು ಹೋಗಿ ಕಾಫಿ ಕಾಸು ಕೊಡಬೇಕು. ಕಾಗದ ಒಬ್ಬನ ಕೈಯಲ್ಲಿ, ಅವಸರ ಇನ್ನೊಬ್ಬನಿಗೆ. 2000ದ ಆಸುಪಾಸಿನಲ್ಲಿ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ 'ಭೂಮಿ' ಯೋಜನೆ ಬಂತು, 15 ರೂಪಾಯಿಗೆ ಕಂಪ್ಯೂಟರ್ ಪಹಣಿ. ನಮ್ಮಲ್ಲೇ ಕೆಲವರ ಮುಖ ಸಪ್ಪೆಯಾಯಿತು, ಸುಳ್ಳು ಹೇಳಲ್ಲ.

ಆದರೆ ಲಂಚ ಸಾಯಲಿಲ್ಲ ಪುಟ್ಟಿ, ಮನೆ ಬದಲಿಸಿತು. ಪಹಣಿ ಬಿಟ್ಟು ಪೋಡಿ (ಜಮೀನು ಅಳೆದು ಭಾಗ ಮಾಡುವುದು), ಖಾತೆ ಬದಲಾವಣೆ, ಭೂ ಪರಿವರ್ತನೆ, ಹೀಗೆ ಎಲ್ಲೆಲ್ಲಿ ಒಬ್ಬ ಮನುಷ್ಯ ಜಾಗ ನೋಡಿ ಸಹಿ ಹಾಕಬೇಕೋ ಅಲ್ಲಿಗೆ ಹೋಗಿ ಕೂತಿತು. ಅಷ್ಟರಲ್ಲಿ ಬೆಂಗಳೂರಿನ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳು ಲೇಔಟ್ ಆಗಿ ಎಕರೆಗೆ ಕೋಟಿ ಲೆಕ್ಕ ಶುರುವಾಯಿತು. ಕೋಟಿಯ ಸಹಿಗೆ ಕಾಫಿ ಕಾಸು ಯಾರು ಕೇಳುತ್ತಾರೆ? ಮರ್ಯಾದೆ ಹೋಗಿ ರೇಟು ಬಂತು. 'ಒಳ್ಳೆ ಜಾಗ'ಕ್ಕೆ ವರ್ಗ ಮಾಡಿಸಿಕೊಳ್ಳಲು ದುಡ್ಡು ಸುರಿದವನಂತೂ ಅದನ್ನು ರೈತನ ಕೈಯಿಂದಲೇ ವಾಪಸ್ ತೆಗೆಯುತ್ತಾನೆ. ಸಂಬಳ ಸಾಲದು ಅನ್ನುವುದು ನನ್ನ ಕಾಲಕ್ಕೆ ಸ್ವಲ್ಪ ನಿಜ, ಈಗ ಬರೀ ನೆಪ.

2011ರ ಸಕಾಲ ಕಾಯ್ದೆ ಪ್ರತಿ ಕೆಲಸಕ್ಕೆ ಇಂತಿಷ್ಟು ದಿನ ಅಂತ ಗಡುವು ಇಟ್ಟಿತು. ಒಳ್ಳೆಯದೇ. ಅದಕ್ಕೂ ದಾರಿ ಹುಡುಕಿದರು: ಗಡುವಿನ ಕೊನೇ ದಿನ ಸುಮ್ನೆ ಒಂದು ತಕರಾರು ಬರೆದು ಅರ್ಜಿ ವಾಪಸ್, ಇಲ್ಲವೇ ಸರ್ವರ್ ಡೌನ್.

ನಾನೇನು ಹರಿಶ್ಚಂದ್ರನಲ್ಲ. ಒಬ್ಬರ ಖಾತೆ ಕೆಲಸ ಮುಗಿದ ಮೇಲೆ ಅವರು ತಂದ ಎಳನೀರು ಗೊನೆ ಇಟ್ಟುಕೊಂಡೆ. ಕೆಲಸ ಆಗಿದೆಯಲ್ಲ, ಇದರಲ್ಲೇನು ತಪ್ಪು ಅಂದುಕೊಂಡೆ. ಮುಂದಿನ ಸಲ ಅದೇ ಮನುಷ್ಯ ಅರ್ಜಿ ಕೊಡುವ ಮೊದಲೇ ಗೊನೆ ಇಳಿಸಿದ.

ಅರ್ಜಿಯಲ್ಲಿ ತಪ್ಪಿದ್ದರೆ ಬಂದ ದಿನವೇ ಹೇಳಿಬಿಡು. ಸ್ಥಳಕ್ಕೆ ಹೋಗುವಾಗ ಬ್ರೋಕರ್ ಬೈಕು ಹತ್ತಬೇಡ, ನಿನ್ನದೇ ಸ್ಕೂಟಿ ಇದೆ ಅಲ್ವಾ? ತಿಂಗಳ ಕೊನೆಗೆ ಪೆಟ್ರೋಲಿಗೆ ಕಡಿಮೆ ಬಿದ್ದರೆ ನನಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ