ಮಾಯಾನರಿಯ ಮೇಲೆ ಹೊರಿಸಿದ ಹಳೆಯ ಅಪವಾದ

ಮಾನ್ಯರೆ,

ಚೀನಾದ ಪುರಾಣಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಅಲ್ಲಿನ ಮನುಷ್ಯರೂಪ ತಾಳಬಲ್ಲ ಮಾಯಾನರಿಯನ್ನು ‘ಗಂಡಸರನ್ನು ಮರುಳು ಮಾಡಿ ಕೊಲ್ಲುವ ಹೆಣ್ಣುದೆವ್ವ’ ಎಂದಷ್ಟೇ ಹೇಳಿ ಮುಗಿಸಿದೆ. ಓದಿ ಬೇಸರವಾಯಿತು. ಆ ಹಣೆಪಟ್ಟಿ ನರಿಗೆ ಅಂಟಿದ್ದು ಆಮೇಲೆ.

ಒಂಬತ್ತು ಬಾಲದ ನರಿ ‘ಶಾನ್‌ಹಾಯ್ ಜಿಂಗ್’ ಎಂಬ ಪ್ರಾಚೀನ ಗ್ರಂಥದಲ್ಲೇ ಇದೆ. ಚಿಂಗ್‌ಚ್ಯೂ ಬೆಟ್ಟದಲ್ಲಿ ಅದರ ವಾಸ, ಕೂಗು ಎಳೆಮಗುವಿನ ಅಳುವಿನಂತೆ. ಮನುಷ್ಯರನ್ನು ತಿನ್ನುತ್ತದೆ ನಿಜ, ಆದರೆ ಅದರ ಮಾಂಸ ತಿಂದವರಿಗೆ ಮಾಟದ ವಿಷ ತಟ್ಟುವುದಿಲ್ಲ ಎಂದೂ ಅಲ್ಲಿಯೇ ಬರೆದಿದೆ. ಹೆಣ್ಣಿನ ರೂಪದ ಸುದ್ದಿಯೇ ಇಲ್ಲ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ಗೋರಿಗಳ ಕಲ್ಲುಕೆತ್ತನೆಯಲ್ಲಂತೂ ಅದು ಷಿ ವಾಂಗ್ ಮು ದೇವಿಯ ಪರಿವಾರದಲ್ಲಿ ನಿಂತ ಮಂಗಳಕರ ಪ್ರಾಣಿ. ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಎನ್ನುವ ನಮಗೆ ಇದು ಅರ್ಥವಾಗದ್ದೇನಲ್ಲ. ತಾಂಗ್ ರಾಜವಂಶದ ಕಾಲದ (7–10ನೇ ಶತಮಾನ) ಜನ ಮನೆಯಲ್ಲೇ ನರಿದೇವತೆಗೆ ಎಡೆಯಿಟ್ಟು ಪೂಜಿಸುತ್ತಿದ್ದರು.

ಇನ್ನು ದಾಜಿಯ ಕಥೆ. ಶಾಂಗ್ ವಂಶದ ಕೊನೆಯ ಅರಸ ಝೌನ ಪ್ರೀತಿಯ ರಾಣಿ ಈಕೆ. ಇತಿಹಾಸಕಾರ ಸೀಮಾ ಚಿಯೆನ್ ಕ್ರಿಸ್ತಪೂರ್ವದಲ್ಲೇ ಇವಳ ಬಗ್ಗೆ ಬರೆದಿದ್ದಾನೆ, ಅಲ್ಲಿ ನರಿಯ ಮಾತಿಲ್ಲ. ಮಿಂಗ್ ರಾಜವಂಶದ ಕಾಲದ (14–17ನೇ ಶತಮಾನ) ಕಾದಂಬರಿಯೊಂದು ಅವಳ ಮೈಯೊಳಗೆ ಒಂಬತ್ತು ಬಾಲದ ನರಿಯನ್ನು ಹೊಗಿಸಿ ಆ ಚಿತ್ರವನ್ನು ಮನೆಮಾತಾಗಿಸಿತು. ರಾಜ್ಯ ಹಾಳು ಮಾಡಿದವನು ಅರಸ, ಪಾಪ ಹೊತ್ತವರು ಹೆಣ್ಣು ಮತ್ತು ನರಿ! ಇಂದಿಗೂ ಪರರ ಗಂಡನನ್ನು ಸೆಳೆದಳೆಂದು ಹೆಣ್ಣನ್ನು ಬೈಯಲು ಚೀನೀಯರು ಬಳಸುವ ಮಾತು ‘ಹೂಲಿ ಜಿಂಗ್’, ಅಂದರೆ ಮಾಯಾನರಿ.

ಚೀನೀ ಕಥೆಗಾರ ಪು ಸೊಂಗ್ಲಿಂಗ್ (1640–1715) ಈ ಅಪವಾದವನ್ನು ತನ್ನ ಕಥೆಗಳಲ್ಲಿ ತೊಳೆದ. ಸರ್ಕಾರಿ ಪರೀಕ್ಷೆಗಳಲ್ಲಿ ಮತ್ತೆಮತ್ತೆ ಸೋತು, ಪಾಠ ಹೇಳಿಕೊಂಡು ಬದುಕಿದವನು. ಅವನ ಸುಮಾರು 500 ಕಥೆಗಳು ಅಚ್ಚಾಗಿದ್ದು 1766ರಲ್ಲಿ, ಅವನು ತೀರಿಕೊಂಡ ಅರ್ಧ ಶತಮಾನದ ಮೇಲೆ. ಅವುಗಳಲ್ಲಿ ನರಿಹೆಣ್ಣುಗಳು ಬಡ ವಿದ್ಯಾರ್ಥಿಗಳ ಕೈಹಿಡಿಯುತ್ತಾರೆ, ಕಷ್ಟಕ್ಕೆ ಒದಗುತ್ತಾರೆ. ಅಂಥ ಒಂದು ಕಥೆಯ ನಾಯಕಿ, ನರಿತಾಯಿಯ ಮಗಳು ಯಿಂಗ್‌ನಿಂಗ್ ಹೂವೆಂದರೆ ಪ್ರಾಣ ಬಿಡುವವಳು, ಸದಾ ನಗುವವಳು. ಅತ್ತೆ ಗದರಿದ ದಿನದಿಂದ ಅವಳು ಮತ್ತೆ ನಗುವುದೇ ಇಲ್ಲ. ಅಲ್ಲಿಗೆ ಬಂದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಆ ಕಥೆಯನ್ನು ಕನ್ನಡಕ್ಕೆ ತರಿಸಿ ಅದೇ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ