ಶಾಲೆಯ ಅಂಗಳದಲ್ಲೇ ಅನುಪಾತ

ಮಾನ್ಯರೇ,

ಚಂದ್ರಯಾನ-3 ಚಂದ್ರನ ಮೇಲಿಳಿದ ನೆನಪಿನ ರಾಷ್ಟ್ರೀಯ ಬಾಹ್ಯಾಕಾಶ ದಿನವು (ಆಗಸ್ಟ್ 23) ಕೊಪ್ಪಳ ಜಿಲ್ಲೆಯ ಶಾಲೆಗಳಲ್ಲಿ ಭಾಷಣ, ಚಿತ್ರಕಲಾ ಸ್ಪರ್ಧೆಗಳಿಗಷ್ಟೇ ಸೀಮಿತವಾಗದೆ, ಆರು, ಏಳನೇ ತರಗತಿಯ ಗಣಿತ ಪಾಠಕ್ಕೂ ಒದಗಬೇಕು. ಸಾವಿರ ಕಿ.ಮೀ.ಗೆ ಒಂದು ಸೆಂ.ಮೀ. ಎಂದು ಹಿಡಿದರೆ ಭೂಮಿ 12.7 ಸೆಂ.ಮೀ. ಅಗಲದ ಚೆಂಡು, ಚಂದ್ರ 3.5 ಸೆಂ.ಮೀ.ನ ಪುಟ್ಟ ನಿಂಬೆಹಣ್ಣು. ಇವೆರಡರ ನಡುವೆ ಎಷ್ಟು ಜಾಗ ಬಿಡಬೇಕೆಂದು ಕೇಳಿದರೆ ಬಹಳಷ್ಟು ಮಕ್ಕಳು ಒಂದು ಗೇಣು ತೋರಿಸಿಯಾರು, ಆದರೆ ಲೆಕ್ಕ ಹಾಕಿದಾಗ ಬರುವುದು ಸರಾಸರಿ 3.84 ಮೀಟರ್. ಸೂರ್ಯನಂತೂ ಒಂದೂವರೆ ಕಿ.ಮೀ. ಆಚೆ, ಎಷ್ಟೋ ಹಳ್ಳಿಗಳಲ್ಲಿ ಊರ ಹೊರಗೇ ನಿಲ್ಲಬೇಕಾದೀತು! ಹಲಗೆಯ ಮೇಲೆ ಬಾಯಿಪಾಠವಾಗುವ ಅನುಪಾತ, ದಶಮಾಂಶಗಳು ಅಳತೆಪಟ್ಟಿ ಹಿಡಿದಾಗ ಅರ್ಥವಾಗುತ್ತವೆ, ಖರ್ಚೂ ಇಲ್ಲ. ಇಂಥ ನಾಲ್ಕಾರು ಚಟುವಟಿಕೆಗಳನ್ನು ಮುನಿರಾಬಾದಿನ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಸಿದ್ಧಪಡಿಸಿ, ಆಗಸ್ಟ್‌ಗೆ ಮೊದಲೇ ಆಸುಪಾಸಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗಳಲ್ಲಿ ಗಣಿತ ಶಿಕ್ಷಕರಿಗೆ ಮಾಡಿ ತೋರಿಸಲಿ.

– ಒಬ್ಬ ಪೋಷಕ, ಗಂಗಾವತಿ