ವರದಿ ಹಾಕುವಾಗ ಬರೆದವರ ಹಿನ್ನೆಲೆಯೂ ಇರಲಿ

ಎಲ್ಲರಿಗೂ ನಮಸ್ಕಾರ. ಕಚ್ಚಾ ತೈಲ, ಚಿನ್ನ, ಯುದ್ಧ, ಬಡ್ಡಿದರ ಅಂತ ಗುಂಪಿಗೆ ತುಂಬಾ ವರದಿಗಳು ಬರುತ್ತಿವೆ. ಇನ್ನು ಮುಂದೆ ಬರೆದವರು ಯಾರು, ಮೊದಲು ಎಲ್ಲಿ ಕೆಲಸ ಮಾಡಿದ್ದರು ಅಂತ ಒಂದು ಸಾಲು ಸೇರಿಸಿ.

ಇಂಥ ವರದಿ ಬರೆಯುವ ಕೆಲಸಕ್ಕೆ ಜನ ಬೇರೆ ಬೇರೆ ದಾರಿಯಲ್ಲಿ ಬರುತ್ತಾರೆ. ಆರ್‌ಬಿಸಿ ಕ್ಯಾಪಿಟಲ್ ಮಾರ್ಕೆಟ್ಸ್ ಎಂಬ ಹೂಡಿಕೆ ಬ್ಯಾಂಕಿನಲ್ಲಿ ತೈಲ ಮಾರುಕಟ್ಟೆಯ ಬಗ್ಗೆ ಬರೆಯುವ ಹೆಲಿಮಾ ಕ್ರಾಫ್ಟ್ ಮೊದಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದವರು. ಹಾಗಾಗಿ ತೈಲ ದೇಶಗಳ ಒಳರಾಜಕೀಯದ ಬಗ್ಗೆ ಅವರ ಮಾತಿಗೆ ತೂಕ ಜಾಸ್ತಿ. ಫಾತಿಹ್ ಬಿರೋಲ್ ಅವರದು ಇನ್ನೊಂದು ಬಗೆ. ಇಸ್ತಾಂಬುಲ್‌ನಲ್ಲಿ ಎಂಜಿನಿಯರಿಂಗ್, ವಿಯೆನ್ನಾದಲ್ಲಿ ಇಂಧನ ಅರ್ಥಶಾಸ್ತ್ರ ಓದಿ, ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನಲ್ಲಿ ಕೆಲಸ ಮಾಡಿದರು. 1995ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಸೇರಿ, 2015ರಿಂದ ಅದರ ಮುಖ್ಯಸ್ಥರಾಗಿದ್ದಾರೆ. ತೈಲ ಮಾರುವ ದೇಶಗಳ ಕೂಟವನ್ನೂ, ಕೊಳ್ಳುವ ದೇಶಗಳ ಸಂಸ್ಥೆಯನ್ನೂ ಒಳಗಿನಿಂದ ಕಂಡವರು ಎಷ್ಟು ಜನ ಸಿಗುತ್ತಾರೆ ಹೇಳಿ? ನಮ್ಮ ಮೈಸೂರಿನಲ್ಲಿ ಶಾಲೆ ಕಲಿತ ಗೀತಾ ಗೋಪಿನಾಥ್ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದವರು, 2019ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್)ಯ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. ವಿನಿಮಯ ದರ, ಸಾಲದ ಬಿಕ್ಕಟ್ಟು ಅವರ ಸಂಶೋಧನೆಯ ವಿಷಯ. ಹೆಮ್ಮೆ ಅನಿಸುತ್ತೆ ಅಲ್ವಾ!

ದೊಡ್ಡ ಪದವಿ ಇದ್ದ ಮಾತ್ರಕ್ಕೆ ಅಂದಾಜು ಸರಿಯಾಗುತ್ತೆ ಅಂತಲ್ಲ. ಆದರೆ ಯಾವ ವಿಷಯದಲ್ಲಿ ಯಾರನ್ನು ಜಾಸ್ತಿ ನಂಬಬಹುದು ಅನ್ನುವುದು ಗೊತ್ತಾಗುತ್ತೆ. ವರದಿ ಬರೆದವರ ಸಂಸ್ಥೆಗೆ ಅದೇ ಸರಕಿನ ವ್ಯಾಪಾರ ಇದೆಯಾ ಅಂತಲೂ ನೋಡಿ; ಇದ್ದರೆ ಅವರ ಮಾತು ಒಂದು ಕಡೆ ವಾಲಿರಬಹುದು.

ನಮ್ಮಲ್ಲಿ ಶೇರು ಕೊಳ್ಳಿ, ಮಾರಿ ಅಂತ ಯಾರಾದರೂ ಸಲಹೆ ಕೊಟ್ಟರೆ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನೋಂದಣಿ ಸಂಖ್ಯೆ ಕೇಳಿ. ಸಂಶೋಧನಾ ವಿಶ್ಲೇಷಕರ (ಶೇರುಗಳನ್ನು ಅಧ್ಯಯನ ಮಾಡಿ ವರದಿ ಬರೆಯುವವರ) ಸಂಖ್ಯೆ ಐಎನ್‌ಎಚ್ (INH) ಅಕ್ಷರಗಳಿಂದ ಶುರುವಾಗುತ್ತೆ. ಸೆಬಿ ಜಾಲತಾಣದಲ್ಲಿ ಹೆಸರು ತಾಳೆ ನೋಡಬಹುದು. ಬರೆದವರ ಹೆಸರೇ ಇಲ್ಲದ ಫಾರ್ವರ್ಡ್‌ಗಳನ್ನು ದಯವಿಟ್ಟು ಹಾಕಬೇಡಿ.